ಉರುಫ್

"ನಾನು ನಾನೇ ಅಂತ ನಾನೇ ಬರ್ಕೊಡ್ಬೇಕಾ?"

ಇದನ್ನು ಕೇಳಿದ ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ನಲವತ್ತು ವರ್ಷದ ಕಂದಾಯದ ರಸೀದಿಗಳು, ಮಡಿಕೆ ಹರಿದ ಕಡೆಯೆಲ್ಲ ಸೆಲ್ಲೋಟೇಪ್ ಅಂಟಿಸಿಕೊಂಡು ಕೂತಿದ್ದವು. ಈ ಅಜ್ಜಿಯನ್ನು ಗಂಗಮ್ಮ ಅಂತ ಕರೆಯೋಣ. ನಿಜವಾದ ಹೆಸರು ಬೇರೆ. ಆದರೆ ಈ ಕಥೆಗೆ ಸೊನ್ನೆ ಇರುವ ಹೆಸರೇ ಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಪ್ರಶ್ನೆ ಕೇಳಿ ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು ಅವರಿಗೆ. "ಹೌದಮ್ಮ, ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಹತ್ರ ಸೀಲ್ ಹಾಕಿಸ್ಕೊಂಡು ಬನ್ನಿ" ಅಂದೆ. ಸರಿಯಾದ ಉತ್ತರವೇ. ನಿಯಮದ ಪ್ರಕಾರ ಬೇರೆ ಉತ್ತರ ಇರಲಿಲ್ಲ. ಅವರು ರಸೀದಿಗಳನ್ನು ಒಂದರ ಮೇಲೊಂದು ಜೋಡಿಸಿ, ಕವರಿನೊಳಗಿನ ಕವರಿಗೆ ಹಾಕಿ, ಗಂಟು ಹಾಕಿ ಹೋದರು. ಅವತ್ತು ಸಂಜೆ ಮೆಟ್ರೋದಲ್ಲಿ ನಿಂತುಕೊಂಡು ಬರುವಾಗ ನಾನು ಏನು ಹೇಳಿ ಕಳಿಸಿದೆ ಎಂದು ಯೋಚಿಸಿದೆ. ಇವತ್ತಿಗೂ ಆಗಾಗ ಯೋಚಿಸುತ್ತೇನೆ.

ಕಂಪ್ಯೂಟರ್‌ನೋರು

ನಾನು ಬೆಂಗಳೂರಿನ ಸ್ಥಳೀಯ ಆಡಳಿತದ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಹದಿನಾಲ್ಕು ವರ್ಷ ಆಯಿತು. ಯಾವ ಕಚೇರಿ ಅಂತ ಬರೆಯುವುದಿಲ್ಲ. ಬರೆದರೆ ಕಾರಣ ಕೇಳಿ ನೋಟಿಸ್ ಬರುತ್ತೆ. ಆ ನೋಟಿಸ್ ಪ್ರಿಂಟ್ ಆಗದಿದ್ದರೆ ಪ್ರಿಂಟರ್ ನೋಡಲು ಕರೆಯುವುದೂ ನನ್ನನ್ನೇ.

ಈ ಊರಿನಲ್ಲಿ "ಐಟಿಯಲ್ಲಿದ್ದೀನಿ" ಅಂದರೆ ಮುಂದಿನ ಪ್ರಶ್ನೆ "ಯಾವ ಕಂಪನಿ?" ನನಗೆ ಹೆಣ್ಣು ನೋಡುವ ಕಾಲದಲ್ಲಿ ಇದು ದೊಡ್ಡ ತಲೆನೋವಾಗಿತ್ತು. ಕಂಪನಿ ಅಲ್ಲ, ಸರ್ಕಾರಿ ಕಚೇರಿ ಅಂದರೆ ಹುಡುಗಿ ಕಡೆಯವರ ಮುಖ ಅರಳುತ್ತಿತ್ತು. ಹೊರಗುತ್ತಿಗೆ ಅಂದ ತಕ್ಷಣ ಒಂದು "ಓಹೋ" ಬರುತ್ತಿತ್ತು. ಆ ಓಹೋ ಆದಮೇಲೆ ಬರೀ ಕೇಸರಿಬಾತ್ ತಿಂದು ಎದ್ದು ಬರುವುದಷ್ಟೇ. ಕಚೇರಿಯವರಿಗೆ ನಾವು "ಕಂಪ್ಯೂಟರ್‌ನೋರು", ಹೊರಗಿನವರು. ವೈಟ್‌ಫೀಲ್ಡಿನ ಗೆಳೆಯರಿಗೆ ನಾನು ಗುಮಾಸ್ತ. ಇಬ್ಬರಿಗೂ ನಾನೇನು ಮಾಡುತ್ತೇನೆ ಅಂತ ಗೊತ್ತಿಲ್ಲ. ವಿಡಿಯೋ ಕಾನ್ಫರೆನ್ಸ್‌ನಲ್ಲಿ ಸಾಹೇಬರ ಮೈಕ್ ಆನ್ ಮಾಡುವುದರಿಂದ ಹಿಡಿದು ಡೇಟಾಬೇಸ್‌ವರೆಗೆ ಎಲ್ಲ ನಮ್ಮದೇ. ಡಿಜಿಟಲ್ ಸಹಿಯ ಡಾಂಗಲ್ ಮನೆಯಲ್ಲಿ ಬಿಟ್ಟು ಬಂದ ಅಧಿಕಾರಿಗೆ "ಸರ್, ಅದಿಲ್ಲದೆ ಆಗಲ್ಲ" ಎಂದು ಮೂರು ಸಲ ಮೆತ್ತಗೆ ಹೇಳುವುದೂ ಈ ಕೆಲಸದ ಒಂದು ಭಾಗ.

ಇನ್ನೊಂದು ಮಾತು. ಮೊದಲೆಲ್ಲ ಜನರನ್ನು ವಾಪಸ್ ಕಳಿಸಲು "ಸಾಹೇಬ್ರು ಮೀಟಿಂಗ್‌ನಲ್ಲವ್ರೆ" ಅನ್ನುತ್ತಿದ್ದರು. ಈಗ "ಸರ್ವರ್ ಇಲ್ಲ" ಅನ್ನುತ್ತಾರೆ. ಸರ್ವರ್ ನಿಜವಾಗಿಯೂ ಇಲ್ಲದ ದಿನಗಳೂ ಇವೆ, ಸುಳ್ಳು ಹೇಳುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಪೂರ್ತಿ ಆಸ್ತಿ ತೆರಿಗೆ ಕಟ್ಟಿದರೆ 5% ರಿಯಾಯಿತಿ ಅಲ್ವಾ, ಇಡೀ ಊರಿಗೆ ಅದು ನೆನಪಾಗುವುದು ತಿಂಗಳ ಕೊನೆಯ ಎರಡು ದಿನ. ಆದರೆ ಸರ್ವರ್ ಇದ್ದಾಗಲೂ ಇಲ್ಲ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಪಕ್ಕದ ಕೋಣೆಯಲ್ಲಿ ಹಸಿರು ದೀಪ ಮಿನುಗುತ್ತಾ ಪಾಪ ಅದರ ಪಾಡಿಗೆ ಅದು ಇರುತ್ತೆ.

ಎರಡು ಸೊನ್ನೆ

ಗಂಗಮ್ಮನವರು ನನ್ನ ಹತ್ತಿರ ಬರುವ ಮೊದಲು ಮೂರು ಸಲ ಕೌಂಟರಿಗೆ ಬಂದು ಹೋಗಿದ್ದರು. ಮೂರು ಸಲವೂ ಒಂದೇ ಉತ್ತರ, "ದಾಖಲೆ ಇಲ್ಲ". ಮನೆ ಇದೆ, ರಸೀದಿ ಇದೆ, ಅಜ್ಜಿ ಕಣ್ಣೆದುರು ನಿಂತಿದ್ದಾರೆ. ಕಂಪ್ಯೂಟರಿನಲ್ಲಿ ಮಾತ್ರ ಅವರಿಲ್ಲ. ನಾಲ್ಕನೇ ಸಲ ಕೇಸ್ ವರ್ಕರ್ ನನ್ನನ್ನು ಕರೆದರು. ಕರೆದಿದ್ದು ಅಜ್ಜಿಗೆ ಸಹಾಯ ಮಾಡಲಿ ಅಂತಲ್ಲ. "ಇವರು ಹೋಗ್ತಾನೇ ಇಲ್ಲ, ನೀವೇ ಹೇಳಿ ಕಳ್ಸಿ" ಅಂತ.

ನಾನೂ ಹುಡುಕಿದೆ. ಗಂಗಮ್ಮ ಎಂದು ಟೈಪ್ ಮಾಡಿದರೆ ಆ ವಾರ್ಡಿನಲ್ಲಿ ಒಬ್ಬರೂ ಇಲ್ಲ. ವಿಚಿತ್ರ ಅನ್ನಿಸಿತು. ಬೆಂಗಳೂರಿನ ಹಳೆ ಹಳ್ಳಿಯೊಂದು ಊರೊಳಗೆ ಸೇರಿದ ವಾರ್ಡ್ ಅದು. ಅಲ್ಲಿ ಗಂಗಮ್ಮ ಇಲ್ಲ ಎಂದರೆ ಹೇಗೆ? ರಂಗಮ್ಮ ಹುಡುಕಿದೆ. ಇಲ್ಲ. ನಂಜಮ್ಮ, ವೆಂಕಟಮ್ಮ, ಶಂಕರಪ್ಪ. ಯಾರೂ ಇಲ್ಲ. ಮುನಿಯಪ್ಪ ಎಂದು ಹಾಕಿದರೆ ಸಾಲುಸಾಲು ಬಂದರು. ಲಕ್ಷ್ಮಮ್ಮ ಬಂದರು, ಪಿಳ್ಳಪ್ಪ ಬಂದರು. ಅನುಸ್ವಾರ ಇರುವವರೆಲ್ಲ ಊರು ಬಿಟ್ಟು ಹೋದ ಹಾಗಿತ್ತು.

ಹುಡುಕುವುದನ್ನು ಬಿಟ್ಟು ಇಡೀ ಪಟ್ಟಿಯನ್ನು ತೆರೆದು ಕಣ್ಣಾಡಿಸಿದೆ. ಗಂಗಮ್ಮ ಇದ್ದರು! ನೂರಾರು ಜನ ಇದ್ದರು. ನೋಡಲು ಸರಿಯಾಗಿಯೇ ಇದ್ದರು. ಅಕ್ಷರವನ್ನು ದೊಡ್ಡದು ಮಾಡಿ, ಮೂಗು ಸ್ಕ್ರೀನಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಾಗ ಗೊತ್ತಾಯಿತು. ಅದು ಗಂಗಮ್ಮ ಅಲ್ಲ, ಗ೦ಗಮ್ಮ. ನಿಮಗೆ ವ್ಯತ್ಯಾಸ ಕಾಣುತ್ತಿಲ್ಲ ಅಲ್ವಾ? ನನಗೂ ಕಂಡಿರಲಿಲ್ಲ. ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರದ ಜಾಗ 0ಸಿ82, ಅಂಕಿ ಸೊನ್ನೆಯ ಜಾಗ 0ಸಿಇ6. ಕಣ್ಣಿಗೆ ಅವಳಿ ಜವಳಿ, ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಎರಡು ಗುರುತು.

ಆ ವಾರ್ಡಿನ ಹಳೆ ರಿಜಿಸ್ಟರುಗಳನ್ನು ವರ್ಷಗಳ ಹಿಂದೆ ಕಂಪ್ಯೂಟರಿಗೆ ಏರಿಸಿದ್ದು ಒಬ್ಬರೇ ಡೇಟಾ ಎಂಟ್ರಿ ಆಪರೇಟರ್. ಇನ್ನೂ ನಮ್ಮಲ್ಲೇ ಇದ್ದಾರೆ. ಒಳ್ಳೆಯ ಟೈಪಿಸ್ಟ್, ಅವರ ವೇಗಕ್ಕೆ ಇಡೀ ಕಚೇರಿಯಲ್ಲಿ ಸಾಟಿ ಇಲ್ಲ. ಹೋಗಿ ಕೇಳಿದೆ. ಕನ್ನಡ ಟೈಪ್ ಮಾಡುವ ನುಡಿ ಕೀಲಿಮಣೆಯಲ್ಲಿ ಅನುಸ್ವಾರ ಬೇಕಾದರೆ ಶಿಫ್ಟ್ ಹಿಡಿದುಕೊಂಡು ಎಂ ಒತ್ತಬೇಕು. ದಿನಕ್ಕೆ ಸಾವಿರ ಸಲ ಶಿಫ್ಟ್ ಹಿಡಿದರೆ ಕಿರುಬೆರಳು ನೋಯುತ್ತೆ. ಅಂಕಿ ಕನ್ನಡದಲ್ಲಿ ಬರುವ ಹಾಗೆ ಇಟ್ಟುಕೊಂಡು ಸೊನ್ನೆ ಒತ್ತಿದರೆ ಒಂದೇ ಏಟಿಗೆ ಕೆಲಸ ಆಗುತ್ತೆ, ಪ್ರಿಂಟ್ ತೆಗೆದರೆ ಸರಿಯಾಗಿಯೇ ಬರುತ್ತೆ. ನಾನು ಎರಡೂ ಬೇರೆ ಬೇರೆ ಎಂದು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದರು:

"ಸೊನ್ನೆ ಅಂದ್ರೆ ಸೊನ್ನೆ ತಾನೆ ಸರ್?"

ಏನು ಹೇಳಲಿ? ಒಂದನೇ ಕ್ಲಾಸಿನಲ್ಲಿ ಮೇಡಂ ನಮಗೂ ಹಾಗೇ ಹೇಳಿಕೊಟ್ಟಿದ್ದು. "ಅ ಪಕ್ಕ ಸೊನ್ನೆ ಹಾಕಿದ್ರೆ ಅಂ." ಲೆಕ್ಕದ ಪಿರಿಯಡ್ಡಿನಲ್ಲಿ "ಒಂದರ ಪಕ್ಕ ಸೊನ್ನೆ ಹಾಕಿದ್ರೆ ಹತ್ತು." ಎರಡಕ್ಕೂ ನಮ್ಮ ಭಾಷೆಯಲ್ಲಿ ಇರುವುದು ಒಂದೇ ಹೆಸರು. ಆಕೆ ತಪ್ಪು ಮಾಡಿರಲಿಲ್ಲ, ಕನ್ನಡ ಮಾತಾಡಿದ್ದರು ಅಷ್ಟೇ.

ಸರಿ ಮಾಡುವುದು ಸುಲಭ ಎಂದುಕೊಂಡೆ. ಅಂಕಿ ಸೊನ್ನೆ ಇರುವ ಕಡೆಯೆಲ್ಲ ಅನುಸ್ವಾರ ಹಾಕುವ ಎರಡು ಸಾಲಿನ ಕೋಡ್ ಬರೆದು, ಮೂಲ ಡೇಟಾ ಪಕ್ಕಕ್ಕಿಟ್ಟು, ಪ್ರತಿಯ ಮೇಲೆ ಓಡಿಸಿದೆ. ಗಂಗಮ್ಮ, ರಂಗಮ್ಮ ಎಲ್ಲರೂ ವಾಪಸ್ ಬಂದರು. ಖುಷಿಯಲ್ಲಿ ಕಾಫಿ ಕುಡಿದು ಬಂದು ನೋಡುತ್ತೇನೆ, ಮನೆ ನಂಬರುಗಳ ಕಥೆ ಮುಗಿದಿತ್ತು. ಆಪರೇಟರ್ ಅಮ್ಮ ವಿಳಾಸದಲ್ಲೂ ಕನ್ನಡ ಅಂಕಿಯನ್ನೇ ಬಳಸಿದ್ದರು. ೧೦ನೇ ಮನೆ ೧ಂನೇ ಮನೆ ಆಗಿ ಕೂತಿತ್ತು. ಆಮೇಲೆ, ಹಿಂದೆ ಅಂಕಿ ಇದ್ದರೆ ಮುಟ್ಟಬೇಡ, ಅಕ್ಷರ ಇದ್ದರೆ ಮಾತ್ರ ಬದಲಿಸು ಎಂದು ಹೇಳಿಕೊಟ್ಟು ಇನ್ನೊಮ್ಮೆ ಓಡಿಸಿದೆ. ಅಷ್ಟು ಹೊತ್ತಿಗೆ ರಾತ್ರಿ ಎಂಟಾಗಿತ್ತು. ವಾಚ್‌ಮನ್ ಎರಡು ಸಲ ಬಂದು ನೋಡಿ ಹೋದ. ಈ ನೌಕರಿಯಲ್ಲಿ ನಾನು ತುಂಬ ಸಂತೋಷಪಟ್ಟ ಒಂದೆರಡು ದಿನಗಳಲ್ಲಿ ಅದೂ ಒಂದು. ಯಾರಿಗೆ ಹೇಳಿದರೂ ಅರ್ಥವಾಗುವ ಸಂತೋಷ ಅಲ್ಲ ಅದು. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಸೊನ್ನೆ ಸರಿ ಮಾಡೋಕೆ ಇಷ್ಟೊತ್ತಾ?" ಅಂದಳು.

ಒಬ್ಬರಿಗೆ ಎರಡು ಹೆಸರು

ಅಜ್ಜಿ ಸಿಕ್ಕರು. ಆದರೆ ಕಥೆ ಮುಗಿಯಲಿಲ್ಲ. ಅವರ ದಾಖಲೆಯಲ್ಲಿ ಇದ್ದ ಪೂರ್ತಿ ಹೆಸರು "ಪುಟ್ಟಮ್ಮ ಉರುಫ್ ಗಂಗಮ್ಮ ಕೋಂ ಮುನಿಯಪ್ಪ", ಅಂದರೆ ಪುಟ್ಟಮ್ಮ ಅಥವಾ ಗಂಗಮ್ಮ, ಮುನಿಯಪ್ಪನ ಹೆಂಡತಿ. ಹಳೆ ರಿಜಿಸ್ಟರ್ ತರಿಸಿ ನೋಡಿದೆ. ಕೆಂಪು ಬಟ್ಟೆಯ ಬೈಂಡ್, ಎತ್ತಿದರೆ ಮಗುವಿನ ತೂಕ. ಮಸಿಯಲ್ಲಿ ದುಂಡಗೆ ಹಾಗೇ ಬರೆದಿತ್ತು. ಆಧಾರ್ ಕಾರ್ಡಿನಲ್ಲಿ ಬರೀ ಗಂಗಮ್ಮ. ಎರಡನ್ನೂ ತಾಳೆ ನೋಡಿದ ಸಾಫ್ಟ್‌ವೇರ್, ಹೆಸರು ಹೊಂದುತ್ತಿಲ್ಲ ಎಂದು ಕೆಂಪು ಗೆರೆ ಎಳೆಯಿತು.

ಎರಡು ಹೆಸರು ಯಾಕೆ ಬಂತು ಅಂತ ಅಜ್ಜಿಯನ್ನೇ ಕೇಳಿದೆ. ಹುಟ್ಟಿದಾಗ ಇಟ್ಟಿದ್ದು ಪುಟ್ಟಮ್ಮ. ಮದುವೆಯಾಗಿ ಬಂದರೆ ಅತ್ತೆಯ ಹೆಸರೂ ಪುಟ್ಟಮ್ಮ. "ನಮ್ಮ್ ಮಾವ 'ಏ ಪುಟ್ಟಿ, ನೀರ್ ತತ್ತಾ' ಅಂದ್ರೆ ಯಾರು ತರ್ಬೇಕು ಹೇಳಪ್ಪ? ಗಂಡನೂ ನನ್ನ್ ಹೆಸ್ರು ಕೂಗಂಗಿಲ್ಲ, ಅವರಮ್ಮನ್ ಹೆಸ್ರು ಕೂಗ್ದಂಗಾಯ್ತದೆ." ಅದಕ್ಕೆ ಮದುವೆಯಾದ ವಾರದಲ್ಲೇ ಮನೆದೇವರ ಹೆಸರು ಇಟ್ಟು ಗಂಗಮ್ಮ ಮಾಡಿದರು. ಐವತ್ತು ವರ್ಷ ಗಂಗಮ್ಮನಾಗಿಯೇ ಬದುಕಿದರು. ಮನೆ ಖಾತೆ ಮಾಡಿಸುವ ದಿನ ಗಂಡ ಎರಡೂ ಹೆಸರು ಹೇಳಿದರು, ಶಾನುಭೋಗರ ಕಾಲದ ಅಭ್ಯಾಸವಿದ್ದ ಆ ಗುಮಾಸ್ತ ನಡುವೆ ಒಂದು "ಉರುಫ್" ಹಾಕಿ ಎರಡನ್ನೂ ಬರೆದುಕೊಂಡ. ಮುಗಿಯಿತು. ಛಾಪಾ ಕಾಗದ ಬೇಕಾಗಲಿಲ್ಲ.

ಹಳೆ ಪಹಣಿ, ಖಾತೆ ಪುಸ್ತಕ ನೋಡಿದವರಿಗೆ ಈ ಪದ ಗೊತ್ತು. ಬಿನ್, ಕೋಂ, ಲೇಟ್, ಉರುಫ್. ನಮ್ಮ ಕಂದಾಯ ಇಲಾಖೆಯ ಕನ್ನಡಕ್ಕೆ ಅರಬ್ಬಿ, ಫಾರ್ಸಿ ಪದಗಳ ಸಾಲ ಜಾಸ್ತಿ. ಅದರಲ್ಲಿ ನನಗೆ ತುಂಬ ಇಷ್ಟದ ಪದ ಉರುಫ್. ನೋಟರಿ ಬರೆದುಕೊಡುವ ಒಂದು ಪುಟದ ಅಫಿಡವಿಟ್ ಮಾಡುವ ಕೆಲಸವನ್ನು ಅದು ಮೂರಕ್ಷರದಲ್ಲಿ ಮಾಡಿ ಮುಗಿಸುತ್ತೆ. ಒಬ್ಬ ಮನುಷ್ಯನಿಗೆ ಎರಡು ಹೆಸರಿರುವುದು ಅನುಮಾನದ ವಿಷಯ ಅಲ್ಲ, ಅದೊಂದು ಸಾಮಾನ್ಯ ಸಂಗತಿ ಎಂದು ಒಪ್ಪಿಕೊಂಡ ಪದ.

ಹೆಸರು ತಾಳೆ ನೋಡುವ ಲೆಕ್ಕಗಳು ಹೇಗಿವೆ ಎಂದು ಸ್ವಲ್ಪ ಹೇಳಬೇಕು. 1965ರಲ್ಲಿ ಸೋವಿಯತ್ ರಷ್ಯಾದ ಲೆವೆನ್‌ಸ್ಟೈನ್ ಎಂಬ ಗಣಿತಜ್ಞ ಕೊಟ್ಟ ಒಂದು ವಿಧಾನ ಇದೆ. ಒಂದು ಪದವನ್ನು ಇನ್ನೊಂದು ಪದ ಮಾಡಲು ಎಷ್ಟು ಅಕ್ಷರ ಬದಲಿಸಬೇಕು, ಸೇರಿಸಬೇಕು, ತೆಗೆಯಬೇಕು ಎಂದು ಎಣಿಸುವುದು. ಗಂಗಮ್ಮ, ರಂಗಮ್ಮ ನಡುವೆ ಅಂತರ ಬರೀ ಒಂದು. ಅಂದರೆ ಈ ಲೆಕ್ಕದಲ್ಲಿ ಗಂಗಮ್ಮ ಪಕ್ಕದ ಮನೆಯ ರಂಗಮ್ಮನಿಗೆ ತುಂಬ ಹತ್ತಿರ, ಪುಟ್ಟಮ್ಮನಿಗೆ ಅಂದರೆ ತನಗೆ ತಾನೇ ದೂರ! ಇನ್ನೊಂದು ವಿಧಾನ ಸೌಂಡೆಕ್ಸ್. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆಗಿದ್ದು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ನಂಬರ್ ಕೊಡುತ್ತೆ. ಎಂ ಮತ್ತು ಎನ್ ಅದಕ್ಕೆ ಒಂದೇ. ಕುತೂಹಲಕ್ಕೆ ನಮ್ಮ ಹೆಸರುಗಳನ್ನು ಹಾಕಿ ನೋಡಿದೆ. ರಾಮಯ್ಯ, ರಮ್ಯಾ, ರೀನಾ ಮೂವರಿಗೂ ಒಂದೇ ನಂಬರ್ ಬಂತು. ಮೂರು ತಲೆಮಾರು ಒಂದೇ ಡಬ್ಬಿಯಲ್ಲಿ.

ಇನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಾನೇ ತಿರುಗಿಸಿಕೊಡುವ ಸಾಫ್ಟ್‌ವೇರ್ ಕಥೆ ಬೇರೆ. ನಾವು ದಕ್ಷಿಣದವರು ತ ಬರೆಯಲು ಟಿ ಪಕ್ಕ ಎಚ್ ಹಾಕುತ್ತೇವೆ. ಉತ್ತರದವರಿಗೆ ಅದು ಥ. ಹಾಗಾಗಿ ನಮ್ಮೂರ ಗೀತಾಗಳೆಲ್ಲ ಗೀಥಾ, ಲತಾಗಳೆಲ್ಲ ಲಥಾ. ಇನಿಷಿಯಲ್ ಇನ್ನೂ ದೊಡ್ಡ ಗೋಳು. ನನ್ನದು ಎಚ್.ಎಸ್. ಎಚ್ ಅಂದರೆ ಅಪ್ಪನ ಊರು ಹುಲಿಯೂರುದುರ್ಗ, ಎಸ್ ಅಂದರೆ ಅಪ್ಪ. ನಮ್ಮಲ್ಲಿ ಸರ್‌ನೇಮ್ ಎನ್ನುವ ಪದ್ಧತಿ ಇಲ್ಲ, ಆದರೆ ಫಾರಂನಲ್ಲಿ ಅದರ ಬಾಕ್ಸ್ ಇರುತ್ತೆ, ಕೆಂಪು ನಕ್ಷತ್ರ ಹಾಕಿ. ಮಗಳ ಪಾಸ್‌ಪೋರ್ಟಿನಲ್ಲಿ ಆ ಬಾಕ್ಸ್ ತುಂಬಲು ನನ್ನ ಹೆಸರು ಹಾಕಿದೆವು. ಈಗ ವಿಮಾನ ನಿಲ್ದಾಣದಲ್ಲಿ ಎಂಟನೇ ಕ್ಲಾಸಿನ ಹುಡುಗಿಯನ್ನು ನನ್ನ ಹೆಸರು ಹಿಡಿದು ಕರೆಯುತ್ತಾರೆ, ಇಬ್ಬರೂ ತಿರುಗಿ ನೋಡುತ್ತೇವೆ.

ಉರುಫ್‌ಗೆ ಒಂದು ಕಾಲಂ ಇಡೋಣ ಎಂದು ನಾನು ಒಂದು ಟಿಪ್ಪಣಿ ಮಂಡಿಸಿದೆ. ಮೀಟಿಂಗಿಗೂ ಬಂತು. ಸಾಫ್ಟ್‌ವೇರ್ ಮಾಡುವ ಹುಡುಗ ಕೇಳಿದ, "ಸರ್, ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?" ಏಲಿಯಾಸ್ ಅಂದೆ. ಮೇಜಿನ ಸುತ್ತ ನಗು. "ಅಲಿಯಾಸ್ ಅಂದ್ರೆ ರೌಡಿಗಳಿಗೆ ಅಲ್ವೇನ್ರಿ?" ಅಂದರು ಒಬ್ಬರು. ನಿಜ, ಪೇಪರಿನಲ್ಲಿ ಆ ಪದ ಬರುವುದು ಹಾಗೇ. ಕುಳ್ಳ, ಸೈಲೆಂಟು, ಕತ್ತರಿ ಅಂತೆಲ್ಲ ಜೊತೆಗಿರುತ್ತೆ. ಹಿರಿಯ ಅಧಿಕಾರಿ ಮಾತ್ರ ನಗಲಿಲ್ಲ. ಎರಡು ಹೆಸರಿಗೆ ಅವಕಾಶ ಕೊಟ್ಟರೆ ಒಂದೇ ಸೈಟನ್ನು ಇಬ್ಬರಿಗೆ ಮಾರುವವರಿಗೆ ದಾರಿ ಮಾಡಿಕೊಟ್ಟ ಹಾಗೆ ಅಂದರು. ಅದನ್ನು ತಳ್ಳಿಹಾಕುವ ಹಾಗಿಲ್ಲ. ಬೆಂಗಳೂರಿನಲ್ಲಿ ಸೈಟು ಕೊಂಡು ಮೋಸ ಹೋದವರು ಯಾರ ಬಳಗದಲ್ಲಿ ಇಲ್ಲ ಹೇಳಿ? ನಮ್ಮ ದೊಡ್ಡಪ್ಪ ನಿವೃತ್ತಿ ದುಡ್ಡೆಲ್ಲ ಸುರಿದು ಕೊಂಡ ಮೂವತ್ತು ನಲವತ್ತರ ಸೈಟಿಗೆ ಮೂರು ಜನ ಮಾಲೀಕರಿದ್ದರು. ದೊಡ್ಡಪ್ಪ ಹೋಗಿ ವರ್ಷಗಳಾದವು, ಕೇಸು ಇನ್ನೂ ಇದೆ. ಬಿಗಿ ಇರಬೇಕು, ಒಪ್ಪುತ್ತೇನೆ. ಆದರೆ ಮೋಸ ಮಾಡುವವನ ಕಾಗದ ಯಾವಾಗಲೂ ಅಚ್ಚುಕಟ್ಟಾಗಿಯೇ ಇರುತ್ತೆ. ಅವನ ಹೆಸರು ನೂರಕ್ಕೆ ನೂರು ಹೊಂದುತ್ತೆ. ಹೊಂದದೆ ಇರುವುದು ಕವರಿನೊಳಗೆ ಕವರ್ ಇಟ್ಟುಕೊಂಡು ಬರುವವರದ್ದು.

"ಮುಂದಿನ ವರ್ಷನ್‌ನಲ್ಲಿ ನೋಡೋಣ" ಎಂದು ನಡಾವಳಿಯಲ್ಲಿ ಬರೆದುಕೊಂಡರು. ಟೈಪ್ ಮಾಡಿದ್ದು ನಾನೇ.

ಊರಿಗೂ ಒಂದು ಕಾಲಂ ಬೇಕು

ಒಂದು ಸಣ್ಣ ಅಡ್ಡಮಾತು. ಜನರ ಹೆಸರು ಒಂದೇ ಇರಬೇಕು ಎನ್ನುವ ನಾವು ಊರಿನ ಹೆಸರನ್ನು ಏನು ಮಾಡಿದ್ದೇವೆ ನೋಡಿ. ದಂಡು ಪ್ರದೇಶ ಮತ್ತು ಪೇಟೆಯ ಮುನಿಸಿಪಾಲಿಟಿಗಳು ಸೇರಿ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. 2007ರಲ್ಲಿ ಸುತ್ತಲಿನ ನಗರಸಭೆಗಳು, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ನಮ್ಮೂರು ಕನ್ನಡದಲ್ಲಿ ಯಾವಾಗಲೂ ಬೆಂಗಳೂರೇ, ಆದರೆ ಡೇಟಾಬೇಸುಗಳಲ್ಲಿ ಇವತ್ತಿಗೂ ಎರಡೂ ಸ್ಪೆಲ್ಲಿಂಗ್ ಅಕ್ಕಪಕ್ಕ ಬದುಕಿವೆ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅದೇ ವರ್ಷ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಈಗ ಬೆಂಗಳೂರು ದಕ್ಷಿಣ ಒಂದು ಜಿಲ್ಲೆ, ಒಂದು ನಗರ ಪಾಲಿಕೆ, ಒಂದು ಲೋಕಸಭಾ ಕ್ಷೇತ್ರ, ಒಂದು ತಾಲ್ಲೂಕು. ಡ್ರಾಪ್‌ಡೌನ್ ಪಟ್ಟಿ ಮಾಡುವವರ ಕಷ್ಟ ದೇವರಿಗೇ ಪ್ರೀತಿ. ನಮ್ಮಮ್ಮ ಮಾತ್ರ ಇಷ್ಟೆಲ್ಲ ಆದಮೇಲೂ ಕಸದ ಗಾಡಿ ಬರದಿದ್ದರೆ "ಈ ಕಾರ್ಪೊರೇಷನ್‌ನೋರಿಗೆ ಹೇಳೋರು ಕೇಳೋರು ಇಲ್ವಾ" ಅಂತಲೇ ಬೈಯುವುದು. ಬೈಗುಳ ಸರಿಯಾದ ವಿಳಾಸಕ್ಕೇ ತಲುಪುತ್ತೆ.

ಸುರೇಶ

ಕಚೇರಿಯ ಹೊರಗೆ ನಾನು ಸುರೇಶ. ನನ್ನ ಹೆಸರು ಸುರೇಶ ಅಲ್ಲ. ಹತ್ತಿರದ್ದೂ ಅಲ್ಲ, ಲೆವೆನ್‌ಸ್ಟೈನ್ ಲೆಕ್ಕದಲ್ಲೂ ಅಲ್ಲ.

ನಮ್ಮ ಮನೆ ಮಾವಳ್ಳಿಯಲ್ಲಿ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುತ್ತೇನೆ. ಹನ್ನೊಂದು ವರ್ಷದ ಹಿಂದೆ ಒಬ್ಬರು ಹಿರಿಯರು ಬಂಡೆ ಹತ್ತುವ ಕಡೆ ನನ್ನನ್ನು ನೋಡಿ "ಏನಯ್ಯ ಸುರೇಶ, ಲೇಟು ಇವತ್ತು" ಅಂದರು. ಬೇರೆ ಯಾರೋ ಎಂದುಕೊಂಡಿದ್ದಾರೆ, ನಾಳೆ ಹೇಳೋಣ ಎಂದುಕೊಂಡು ನಕ್ಕು ಸುಮ್ನಾದೆ. ನಾಳೆ ಹೇಳಲಿಲ್ಲ. ವಾರ ಆಯಿತು. ತಿಂಗಳಾದ ಮೇಲೆ ಹೇಳಿದರೆ ಅವರಿಗೆ ಮುಜುಗರ. ವರ್ಷವಾದ ಮೇಲೆ ಹೇಳಿದರೆ ನನಗೆ ಮುಜುಗರ. ಹಾಗೇ ಉಳಿದುಹೋಯಿತು. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರು ಮೇಷ್ಟ್ರೇ ಅಲ್ಲವಂತೆ, ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವರು. ಎಲ್ಲರಿಗೂ ತಿದ್ದಿ ಹೇಳುತ್ತಾರೆ ಅಂತ ಆ ಹೆಸರು. ನನ್ನನ್ನು ಮಾತ್ರ ಅವರು ತಿದ್ದಲಿಲ್ಲ, ನಾನೂ ಅವರನ್ನು ತಿದ್ದಲಿಲ್ಲ.

ಮೇಷ್ಟ್ರು ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಹತ್ತಿರ ಕೂರುತ್ತಾರೆ. ಬಂಡೆಗೆ ಮುನ್ನೂರು ಕೋಟಿ ವರ್ಷ ಅಂತ ಅಲ್ಲಿ ಬೋರ್ಡ್ ಇದೆ. ನಾನೆಲ್ಲಿ ಕೆಲಸ ಮಾಡುತ್ತೇನೆ ಎಂದು ಗೊತ್ತಾದ ದಿನ ಅವರು ಕೈಯಿಂದ ಬಂಡೆಯನ್ನು ತಟ್ಟಿ, "ಇದರ ಖಾತೆ ಯಾರ ಹೆಸರಲ್ಲಿದೆ ನೋಡಿ ಹೇಳಯ್ಯ" ಅಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಇದು ದೊಡ್ಡ ಉಪಕಾರ. ಉಳಿದ ಕಡೆ ಹಾಗಲ್ಲ. ನಂದಿನಿ ಬೂತಿನಲ್ಲಿ ಹಾಲು ತರಲು ಹೋದರೆ ಖಾತೆ, ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತರೆ ಖಾತೆ. ಪಲ್ಯ ಬಡಿಸುವವನೂ ಬಾಗಿ "ಸರ್, ಬಿ ಖಾತೆ ಎ ಆಗುತ್ತಾ?" ಅನ್ನುತ್ತಾನೆ. ನಿಯಮದ ಪ್ರಕಾರ ಪೂರ್ತಿ ಸರಿಯಿಲ್ಲದ ಆಸ್ತಿಯದ್ದು ಬಿ, ಸರಿಯಿರುವುದರದ್ದು ಎ. 2024ರ ಕೊನೆಯಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರಿನ ಖಾತೆ, ಬೇಕೇ ಬೇಕು ಎಂದಾದ ಮೇಲೆ ನಾನು ಮದುವೆಗಳಿಗೆ ಮುಹೂರ್ತಕ್ಕೆ ಹೋಗಿ ಊಟಕ್ಕೆ ಮೊದಲೇ ಹೊರಡಲು ಶುರು ಮಾಡಿದೆ. ಸುರೇಶನಿಗೆ ಈ ಕಾಟ ಇರಲಿಲ್ಲ. ಅವನು ಮೇಷ್ಟ್ರ ಜೊತೆ ಕೂತು ನೇರಳೆ ಮರದ ಬಗ್ಗೆ, ಮಂಡಿ ನೋವಿನ ಬಗ್ಗೆ ಮಾತಾಡಿ ಎದ್ದು ಬರುತ್ತಿದ್ದ.

ಈ ವರ್ಷ ಜನವರಿಯಲ್ಲಿ, ಫಲಪುಷ್ಪ ಪ್ರದರ್ಶನದ ಗಲಾಟೆ ಮುಗಿದ ಮೇಲೆ, ಮೇಷ್ಟ್ರು ಬರಲಿಲ್ಲ. ಒಂದು ವಾರ, ಎರಡು ವಾರ. ವಾಕಿಂಗಿನವರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಯಾರ ಹತ್ತಿರವೂ ಫೋನ್ ನಂಬರ್ ಇಲ್ಲ. ಹೆಸರೇನು ಅಂದರೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾವ ಬೀದಿ ಎಂದು ಮಾತ್ರ ನನಗೆ ಗೊತ್ತಿತ್ತು. ಮುಂದೆ ಸಂಪಿಗೆ ಮರ ಇದೆ ಎಂದೂ ಅವರೇ ಒಮ್ಮೆ ಹೇಳಿದ್ದರು.

ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತು. ಮುಂದೆ ಕಂಪ್ಯೂಟರ್, ಒಳಗೆ ಲಾಗಿನ್. ಬೀದಿಯ ಹೆಸರು ಹಾಕಿದರೆ ಸಾಕು, ಪಟ್ಟಿ ಬರುತ್ತೆ. ಮಾಲೀಕರ ಹೆಸರು, ಮೊಬೈಲ್ ನಂಬರ್ ಎಲ್ಲ ಇರುತ್ತೆ. ಬೀದಿಯ ಮೊದಲ ಎರಡಕ್ಷರ ಟೈಪ್ ಮಾಡಿಯೂ ಬಿಟ್ಟೆ. ನಿಂತೆ. ಯಾರು ಏನು ಹುಡುಕಿದರು ಎನ್ನುವುದು ದಾಖಲಾಗುತ್ತೆ, ಆ ಭಯ ಒಂದಿದ್ದೇ ಇದೆ. ಆದರೆ ನೆನಪಾಗಿದ್ದು ಬೇರೆ. ತುಂಬ ಹಿಂದೆ ಒಬ್ಬ ಸಹೋದ್ಯೋಗಿ, ಈಗ ಇಲ್ಲಿಲ್ಲ, ಮಗಳಿಗೆ ಬಂದ ಸಂಬಂಧದವರ ಹೆಸರಲ್ಲಿ ಎಷ್ಟು ಸೈಟಿದೆ ಎಂದು ನಮ್ಮ ಪಕ್ಕದಲ್ಲೇ ಕೂತು ಹುಡುಕಿದ್ದರು. ನಾವೆಲ್ಲ ನಕ್ಕಿದ್ದೆವು. ಹುಡುಕಿ ಮುಗಿಸಿ "ಬರೀ ಒಂದೇ ಸೈಟು ಕಣ್ರೀ" ಅಂದಾಗಲೂ ನಕ್ಕಿದ್ದೆವು. ಆ ಸಂಬಂಧ ಆಗಲಿಲ್ಲ. ಹುಡುಗನ ಮನೆಯವರಿಗೆ ಕಾರಣ ಯಾವತ್ತೂ ಗೊತ್ತಾಗಿರುವುದಿಲ್ಲ. ಟೈಪ್ ಮಾಡಿದ ಎರಡಕ್ಷರ ಅಳಿಸಿ, ಅರ್ಧ ಕಪ್ ಆರಿದ ಟೀ ಕುಡಿದೆ.

ಸಂಜೆ ನಡೆದುಕೊಂಡೇ ಆ ಬೀದಿಗೆ ಹೋದೆ. ಸಂಪಿಗೆ ಮರ ಸಿಕ್ಕಿತು, ಗೇಟಿಗೆ ಬೀಗ. ಎದುರಿಗೆ ಇಸ್ತ್ರಿ ಗಾಡಿ. ಕೆಂಡ ಊದುತ್ತಿದ್ದವನು ನಾನು ಕೇಳುವ ಮೊದಲೇ ಹೇಳಿದ, "ಮೇಷ್ಟ್ರಾ? ಕಣ್ಣಾಪ್ರೇಸನ್‌ಗೆ ಮಗ್ಳ ಮನೆಗೆ ಹೋಗವ್ರೆ ಸಾ. ಶಿವರಾತ್ರಿ ಕಳ್ದು ಬತ್ತಾರೆ." ಜೀವ ಬಂತು. ಹೆಸರೇನಪ್ಪ ಅವರದ್ದು ಅಂತ ಸುಮ್ನೆ ಕೇಳಿದೆ. ಅವನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದ. "ಮೇಷ್ಟ್ರು ಅಂತ" ಅಂದ.

ಮಾರ್ಚಿನಲ್ಲಿ ಬಂದರು. ಕಪ್ಪು ಕನ್ನಡಕ, ಕೈಯಲ್ಲಿ ಒಂದು ಫೈಲು. ಬಂಡೆಯ ಮೇಲೆ ಕೂತು ಮೊದಲ ಸಲ ಖಾತೆಯ ಮಾತೆತ್ತಿದರು. "ಮಗಳು ಹೇಳ್ತಾಳೆ ಇ-ಖಾತೆ ಮಾಡಿಸಿಡು ಅಂತ. ಸೈಬರ್ ಸೆಂಟರ್ ಹುಡುಗ ಹೆಸರು ಮ್ಯಾಚ್ ಆಗ್ತಿಲ್ಲ ಅಂತಾನೆ ಕಣಯ್ಯ." ಫೈಲು ತೆರೆದು ನೋಡಿದೆ. ಕ್ರಯಪತ್ರದಲ್ಲಿ ಎರಡು ಇನಿಷಿಯಲ್ ಮುಂದೆ, ಆಧಾರಿನಲ್ಲಿ ಒಂದು ಇನಿಷಿಯಲ್ ಬಿಚ್ಚಿ ಹೆಸರಿನ ಹಿಂದೆ. ಅಷ್ಟೇ. ಹನ್ನೊಂದು ವರ್ಷದ ಮೇಲೆ ಅವರ ಹೆಸರು ಓದಿದೆ. ಒಳ್ಳೆಯ ಹೆಸರು. ಅವರಿಗೆ ಹೊಂದುತ್ತಿರಲಿಲ್ಲ. ಯಾವ ಕಾಗದ ಬೇಕು, ಯಾವುದನ್ನು ಮೊದಲು ಸರಿ ಮಾಡಿಸಬೇಕು ಎಂದು ಹೇಳಿದೆ. ಛಾಪಾ ಕಾಗದದ ಮಾತೂ ಬಂತು. ಅವರು ಗಂಗಮ್ಮನವರ ಹಾಗೆ ಏನೂ ಕೇಳಲಿಲ್ಲ, ತಲೆಯಾಡಿಸಿದರು.

"ಒಟಿಪಿ ಗಿಟಿಪಿ ಬಂದ್ರೆ ನಿನಗೇ ಫೋನ್ ಮಾಡ್ತೀನಿ. ನಂಬರ್ ಕೊಡು" ಎಂದು ಜೇಬಿನಿಂದ ಫೋನ್ ತೆಗೆದರು. ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಒಂದು ಮೊಳ ದೂರ ಹಿಡಿದು, ಒಂದೊಂದೇ ಅಂಕಿ ಒತ್ತಿದರು. ಆಮೇಲೆ ಹೆಸರು. ಕನ್ನಡದಲ್ಲೇ ಒತ್ತಿದರು. ಸು. ರೇ. ಶ. ನಾನು ಬಾಯಿ ತೆರೆದೆ. ಈಗಲಾದರೂ ಹೇಳಿಬಿಡಬೇಕಿತ್ತು. ಅಷ್ಟರಲ್ಲಿ ಅವರೇ ತಲೆಯೆತ್ತಿ ಕೇಳಿದರು, "ನನ್ನ ಫೋನಲ್ಲಿ ಇನ್ನೂ ಇಬ್ಬರು ಸುರೇಶ ಇದಾರೆ ಕಣಯ್ಯ. ನಿನ್ನ ಇನಿಷಿಯಲ್ ಏನು?"

"ಎಚ್.ಎಸ್. ಮೇಷ್ಟ್ರೇ" ಅಂದೆ.